ಮಡಚುವ ಸೈಕಲ್ಲಿಗೆ ಎಂಥ ಗೇರು?

ನಮ್ಮ ಪರಿಚಯದ ಶಿಕ್ಷಕರೊಬ್ಬರು ದಿನವೂ ರೈಲಿನಲ್ಲಿ ಕೆಲಸಕ್ಕೆ ಹೋಗುತ್ತಾರೆ. ನಿಲ್ದಾಣದಿಂದ ಶಾಲೆ ಐದು ಕಿಲೋಮೀಟರು ದೂರ. ಆಟೋ ಖರ್ಚು ಉಳಿಯಲಿ, ಮೈಗೂ ವ್ಯಾಯಾಮವಾಗಲಿ ಎಂದು ಅವರು 20 ಇಂಚು ಚಕ್ರದ ಮಡಚುವ ಸೈಕಲ್ಲೊಂದನ್ನು ಕೊಂಡರು. ಮೊದಲ ವಾರ ಹುರುಪಿನಿಂದ ತುಳಿದರು. ಶಾಲೆಯ ಹತ್ತಿರ ಸುಮಾರು 400 ಮೀಟರಿನ ಒಂದು ಏರು ಇದೆ. ಎರಡನೆಯ ವಾರ ಅಲ್ಲಿ ಇಳಿದು ತಳ್ಳತೊಡಗಿದರು. ಮೂರನೆಯ ವಾರ ಮೊಣಕಾಲು ನೋವು ಬಂತು. ತಿಂಗಳು ಕಳೆಯುವಷ್ಟರಲ್ಲಿ ಸೈಕಲ್ಲು ಮಂಚದಡಿ ಸೇರಿತು. ‘ಚಕ್ರ ಚಿಕ್ಕದು ನೋಡಿ, ಅದಕ್ಕೇ ಭಾರ’ ಎಂದು ನೋಡಿದವರೆಲ್ಲ ತೀರ್ಪು ಕೊಟ್ಟರು.

ಈ ತೀರ್ಪು ಸರಿಯೇ? ಚಿಕ್ಕ ಚಕ್ರದ ಸೈಕಲ್ಲನ್ನು ತುಳಿಯುವುದು ನಿಜವಾಗಿಯೂ ಕಷ್ಟವೇ? ಅಥವಾ ತಪ್ಪು ಬೇರೆಲ್ಲಾದರೂ ಇದೆಯೇ? ಪ್ರೌಢಶಾಲೆಯ ಗಣಿತ ಮತ್ತು ಭೌತವಿಜ್ಞಾನ ಇದ್ದರೆ ಸಾಕು, ಉತ್ತರವನ್ನು ನಾವೇ ಕಂಡುಕೊಳ್ಳಬಹುದು.

ಒಂದು ಸುತ್ತಿಗೆ ಎಷ್ಟು ದೂರ?

ಪೆಡಲನ್ನು ಒಂದು ಪೂರ್ತಿ ಸುತ್ತು ತುಳಿದಾಗ ಸೈಕಲ್ಲು ಎಷ್ಟು ದೂರ ಮುಂದೆ ಹೋಗುತ್ತದೆ? ಸೈಕಲ್ಲಿನ ಗೇರಿನ ಬಗ್ಗೆ ನಾವು ಕೇಳಬೇಕಾದ ಮೊದಲ ಪ್ರಶ್ನೆ ಇದು. ಈ ದೂರವನ್ನು ನಾವು ‘ಸುತ್ತಿನ ದೂರ’ ಎಂದು ಕರೆಯೋಣ. ಅದನ್ನು ತಿಳಿಯಲು ಮೂರು ಅಳತೆ ಬೇಕು: ಪೆಡಲಿಗೆ ಜೋಡಿಸಿದ ಮುಂದಿನ ಹಲ್ಲುಚಕ್ರದ ಹಲ್ಲುಗಳ ಸಂಖ್ಯೆ, ಹಿಂದಿನ ಹಲ್ಲುಚಕ್ರದ ಹಲ್ಲುಗಳ ಸಂಖ್ಯೆ ಮತ್ತು ಹಿಂದಿನ ಚಕ್ರದ ಪರಿಧಿ.

ಸುತ್ತಿನ ದೂರ = (ಮುಂದಿನ ಹಲ್ಲು ÷ ಹಿಂದಿನ ಹಲ್ಲು) × ಚಕ್ರದ ಪರಿಧಿ

ನಮಗೆಲ್ಲ ಪರಿಚಿತವಾದ 28 ಇಂಚಿನ ದೊಡ್ಡ ಸೈಕಲ್ಲನ್ನು ತೆಗೆದುಕೊಳ್ಳೋಣ. ಮುಂದೆ 44 ಹಲ್ಲು, ಹಿಂದೆ 18 ಹಲ್ಲು ಇದೆ ಎನ್ನಿ. ಪೆಡಲು ಒಂದು ಸುತ್ತು ತಿರುಗಿದರೆ ಸರಪಳಿಯ 44 ಕೊಂಡಿಗಳು ಸರಿಯುತ್ತವೆ. ಆಗ ಹಿಂದಿನ ಚಕ್ರ 44 ÷ 18, ಅಂದರೆ 2.44 ಸುತ್ತು ತಿರುಗುತ್ತದೆ. ಚಕ್ರದ ಪರಿಧಿ ಸುಮಾರು 2.2 ಮೀಟರು. ಆದ್ದರಿಂದ ಸುತ್ತಿನ ದೂರ ಸುಮಾರು 5.4 ಮೀಟರು.

ಇದೇ ಹಲ್ಲುಚಕ್ರಗಳನ್ನು 16 ಇಂಚಿನ ಮಡಚುವ ಸೈಕಲ್ಲಿಗೆ ಹಾಕಿದರೆ? ಅಂಥ ಚಕ್ರದ ಪರಿಧಿ 1.33 ಮೀಟರು. ಸುತ್ತಿನ ದೂರ 3.25 ಮೀಟರಿಗೆ ಇಳಿಯುತ್ತದೆ. ಸಪಾಟು ರಸ್ತೆಯಲ್ಲಿ ಸವಾರ ಕಾಲನ್ನು ಗಿರಗಿರನೆ ತಿರುಗಿಸುತ್ತಲೇ ಇರಬೇಕು, ಸೈಕಲ್ಲು ಮಾತ್ರ ಮೆಲ್ಲಗೆ ಸಾಗುತ್ತದೆ. ಮತ್ತೆ 5.4 ಮೀಟರು ಬರಬೇಕಾದರೆ ಹಲ್ಲುಗಳ ಅನುಪಾತ 2.44ರ ಬದಲು ಸುಮಾರು 4 ಆಗಬೇಕು. ಹಿಂದೆ 13 ಹಲ್ಲಿಟ್ಟರೆ ಮುಂದೆ 53 ಹಲ್ಲು ಬೇಕು. ಮಡಚುವ ಸೈಕಲ್ಲುಗಳಲ್ಲಿ ಪುಟ್ಟ ಚಕ್ರದ ಪಕ್ಕ ತಟ್ಟೆಯಷ್ಟು ದೊಡ್ಡ ಹಲ್ಲುಚಕ್ರ ಕಾಣುವುದು ಈ ಕಾರಣಕ್ಕೆ.

ಅಂದರೆ ಚಕ್ರ ಚಿಕ್ಕದಾದ ಮಾತ್ರಕ್ಕೆ ಸೈಕಲ್ಲು ಭಾರವಾಗುವುದಿಲ್ಲ. ಗೇರು ಬದಲಿಸದಿದ್ದರೆ ಅದು ಹಗುರವೇ ಆಗುತ್ತದೆ! ತಯಾರಕರು ಚಿಕ್ಕ ಚಕ್ರವನ್ನು ಸರಿದೂಗಿಸಲು ಗೇರನ್ನು ಏರಿಸುತ್ತಾರೆ. ಏರಿಸಿದ್ದು ಹೆಚ್ಚಾದಾಗ ತುಳಿಯುವುದು ಭಾರವಾಗುತ್ತದೆ.

ಹಳೆಯ ಅಳತೆ: ಗೇರು ಇಂಚು

ಸೈಕಲ್ಲು ಅಂಗಡಿಗಳಲ್ಲೂ ಕೈಪಿಡಿಗಳಲ್ಲೂ ‘ಗೇರು ಇಂಚು’ ಎಂಬ ಅಳತೆ ಕಾಣಸಿಗುತ್ತದೆ. ಇದರ ಹಿಂದೆ ಒಂದು ಕತೆ ಇದೆ. 1870ರ ದಶಕದ ಸೈಕಲ್ಲುಗಳಿಗೆ ಸರಪಳಿ ಇರಲಿಲ್ಲ. ಪೆಡಲನ್ನು ಮುಂದಿನ ಚಕ್ರಕ್ಕೇ ಜೋಡಿಸುತ್ತಿದ್ದರು. ಹೆಚ್ಚು ವೇಗ ಬೇಕೆಂದರೆ ಚಕ್ರವನ್ನೇ ದೊಡ್ಡದು ಮಾಡಬೇಕಿತ್ತು. ಸವಾರನ ಕಾಲಿನ ಉದ್ದವೇ ಅದಕ್ಕೆ ಮಿತಿ. 1885ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ ಹಿಂದಿನ ಚಕ್ರವನ್ನು ಸರಪಳಿಯಿಂದ ಓಡಿಸುವ ‘ರೋವರ್’ ಸೈಕಲ್ಲನ್ನು ತಂದ ಮೇಲೆ ಚಕ್ರದ ಗಾತ್ರಕ್ಕೂ ವೇಗಕ್ಕೂ ಇದ್ದ ಈ ನಂಟು ಕಡಿಯಿತು. ಆದರೂ ಜನ ಹೊಸ ಸೈಕಲ್ಲನ್ನು ಹಳೆಯದರ ಮಾತಿನಲ್ಲೇ ಹೋಲಿಸುತ್ತಿದ್ದರು: ‘ಇದು ಎಷ್ಟು ಇಂಚಿನ ದೊಡ್ಡ ಚಕ್ರಕ್ಕೆ ಸಮ?’ ಹಲ್ಲುಗಳ ಅನುಪಾತವನ್ನು ಚಕ್ರದ ವ್ಯಾಸದಿಂದ (ಇಂಚುಗಳಲ್ಲಿ) ಗುಣಿಸಿದರೆ ಗೇರು ಇಂಚು ಸಿಗುತ್ತದೆ. ನಮ್ಮ ದೊಡ್ಡ ಸೈಕಲ್ಲಿನದು 2.44 × 28, ಅಂದರೆ ಸುಮಾರು 68. ಗೇರು ಇಂಚನ್ನು 0.08ರಿಂದ ಗುಣಿಸಿದರೆ ಸುತ್ತಿನ ದೂರ ಮೀಟರುಗಳಲ್ಲಿ ಬರುತ್ತದೆ.

ನಮ್ಮ ಕಾಲಿನ ಶಕ್ತಿ ಎಷ್ಟು?

ಗೇರು ಎಷ್ಟಿರಬೇಕು ಎಂಬುದನ್ನು ಸೈಕಲ್ಲು ನಿರ್ಧರಿಸುವುದಿಲ್ಲ, ಸವಾರನೂ ರಸ್ತೆಯೂ ನಿರ್ಧರಿಸುತ್ತವೆ. ಆರೋಗ್ಯವಂತ ಸಾಮಾನ್ಯ ವ್ಯಕ್ತಿ ಬಹಳ ಹೊತ್ತು ದಣಿಯದೆ ಸುಮಾರು 75 ವಾಟ್ ಸಾಮರ್ಥ್ಯದಲ್ಲಿ ತುಳಿಯಬಲ್ಲ. ಏರಿನಲ್ಲಿ ಕೆಲವು ನಿಮಿಷ 100 ವಾಟ್ ಎಂದು ಹಿಡಿಯೋಣ. ಹೆಚ್ಚಿನವರಿಗೆ ನಿಮಿಷಕ್ಕೆ 60ರಿಂದ 80 ಸುತ್ತು ತುಳಿಯುವುದು ಹಿತ. ಅದಕ್ಕಿಂತ ಬಹಳ ನಿಧಾನವಾಗಿ ತುಳಿದರೆ ಅದೇ ಸಾಮರ್ಥ್ಯಕ್ಕೆ ಪ್ರತಿ ತುಳಿತದಲ್ಲೂ ಹೆಚ್ಚು ಬಲ ಹಾಕಬೇಕಾಗುತ್ತದೆ. ಆ ಹೊರೆ ಬೀಳುವುದು ತೊಡೆಯ ಸ್ನಾಯು ಮತ್ತು ಮೊಣಕಾಲಿನ ಮೇಲೆ.

ಈಗ ರಸ್ತೆಯನ್ನು ನೋಡೋಣ. ಶಿಕ್ಷಕರು, ಅವರ ಚೀಲ, ಸೈಕಲ್ಲು ಎಲ್ಲ ಸೇರಿ 75 ಕಿಲೋಗ್ರಾಂ ಎಂದಿಟ್ಟುಕೊಳ್ಳಿ. ಸಪಾಟು ರಸ್ತೆಯಲ್ಲಿ ಎರಡು ತಡೆಗಳಿವೆ. ಒಂದು, ಟೈರಿನ ಉರುಳು ಘರ್ಷಣೆ. ಒಟ್ಟು ತೂಕದ 0.008 ಭಾಗ ಎಂದು ಹಿಡಿದರೆ ಇದು 75 × 9.8 × 0.008 = 5.9 ನ್ಯೂಟನ್. ಎರಡು, ಗಾಳಿಯ ತಡೆ. ಇದು ವೇಗದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ನೆಟ್ಟಗೆ ಕುಳಿತ ಸವಾರನಿಗೆ ಸುಮಾರು 0.36 × ವೇಗ² ನ್ಯೂಟನ್ ಎನ್ನಬಹುದು (ವೇಗ ಸೆಕೆಂಡಿಗೆ ಮೀಟರುಗಳಲ್ಲಿ).

ಸೆಕೆಂಡಿಗೆ 5 ಮೀಟರು, ಅಂದರೆ ಗಂಟೆಗೆ 18 ಕಿಲೋಮೀಟರು ವೇಗದಲ್ಲಿ ಗಾಳಿಯ ತಡೆ 9 ನ್ಯೂಟನ್. ಎರಡೂ ಸೇರಿ 14.9 ನ್ಯೂಟನ್. ಸಾಮರ್ಥ್ಯ = ಬಲ × ವೇಗ. ಆದ್ದರಿಂದ 14.9 × 5 = ಸುಮಾರು 75 ವಾಟ್. ಸಪಾಟು ರಸ್ತೆಯಲ್ಲಿ ನಮ್ಮ ಸವಾರನ ಸಹಜ ವೇಗ ಇದೇ. ನಿಮಿಷಕ್ಕೆ 60 ಸುತ್ತು ತುಳಿದರೆ ಸುತ್ತಿನ ದೂರ 5 ಮೀಟರು ಇರಬೇಕು, 70 ಸುತ್ತು ತುಳಿದರೆ 4.3 ಮೀಟರು. ಹೀಗೆ ಒಂದು ಮುಖ್ಯ ಸೂತ್ರ ಸಿಕ್ಕಿತು: ದಿನಬಳಕೆಯ ಸೈಕಲ್ಲಿಗೆ ಸಪಾಟು ರಸ್ತೆಯ ಗೇರು 4.3ರಿಂದ 5 ಮೀಟರು, ಅಂದರೆ 54ರಿಂದ 63 ಗೇರು ಇಂಚು.

ಏರು ಬಂದಾಗ

ಶಾಲೆಯ ಹತ್ತಿರದ ಏರು 100 ಮೀಟರಿಗೆ 4 ಮೀಟರು ಏರುತ್ತದೆ. ಕಣ್ಣಿಗೆ ಇದು ದೊಡ್ಡ ಏರಾಗಿ ಕಾಣುವುದಿಲ್ಲ. ಆದರೆ ಲೆಕ್ಕ ನೋಡಿ. ಗುರುತ್ವ ಹಿಂದಕ್ಕೆಳೆಯುವ ಬಲ 75 × 9.8 × 0.04 = 29.4 ನ್ಯೂಟನ್. ಉರುಳು ಘರ್ಷಣೆ, ಗಾಳಿಯ ತಡೆ ಸೇರಿಸಿದರೆ ಸುಮಾರು 38 ನ್ಯೂಟನ್. ಸಪಾಟಿನಲ್ಲಿದ್ದ ಬಲದ ಎರಡೂವರೆ ಪಟ್ಟು! 100 ವಾಟ್ ಸಾಮರ್ಥ್ಯದಲ್ಲಿ ಸವಾರ ಸೆಕೆಂಡಿಗೆ 2.64 ಮೀಟರು, ಅಂದರೆ ಗಂಟೆಗೆ ಸುಮಾರು 9.5 ಕಿಲೋಮೀಟರು ವೇಗದಲ್ಲಿ ಏರಬಲ್ಲ. ಇದಕ್ಕಿಂತ ಹೆಚ್ಚು ವೇಗವನ್ನು ಯಾವ ಗೇರೂ ಕೊಡಲಾರದು, ಏಕೆಂದರೆ ಗೇರು ಸಾಮರ್ಥ್ಯವನ್ನು ಸೃಷ್ಟಿಸುವುದಿಲ್ಲ. ಅದು ಮಾಡಬಲ್ಲದ್ದು ಒಂದೇ: ಇದ್ದ ಸಾಮರ್ಥ್ಯವನ್ನು ಹೆಚ್ಚು ಬಲ, ಕಡಿಮೆ ಸುತ್ತು ಎಂದೋ, ಕಡಿಮೆ ಬಲ, ಹೆಚ್ಚು ಸುತ್ತು ಎಂದೋ ಹಂಚುವುದು.

ಶಿಕ್ಷಕರ ಸೈಕಲ್ಲಿನಲ್ಲಿ ಇದ್ದದ್ದು ಒಂದೇ ಗೇರು: ಮುಂದೆ 52 ಹಲ್ಲು, ಹಿಂದೆ 14, ಚಕ್ರದ ಪರಿಧಿ 1.5 ಮೀಟರು. ಸುತ್ತಿನ ದೂರ 5.57 ಮೀಟರು. ಏರಿನಲ್ಲಿ ಅವರ ಕಾಲು ನಿಮಿಷಕ್ಕೆ ಬರೀ 28 ಸುತ್ತು ತಿರುಗುತ್ತಿತ್ತು. ಪೆಡಲಿನ ತೋಳಿನ ಉದ್ದ 17 ಸೆಂಟಿಮೀಟರು, ಆದ್ದರಿಂದ ಒಂದು ಸುತ್ತಿಗೆ ಪಾದ ಕ್ರಮಿಸುವ ದೂರ 1.07 ಮೀಟರು. ಶಕ್ತಿ ಸಂರಕ್ಷಣೆಯ ನಿಯಮದಂತೆ,

ಪಾದದ ಸರಾಸರಿ ಬಲ × 1.07 = 38 × 5.57

ಇದರಿಂದ ಪಾದದ ಸರಾಸರಿ ಬಲ 198 ನ್ಯೂಟನ್. ಪೆಡಲು ಮೇಲೆ ಮತ್ತು ಕೆಳಗೆ ಇರುವಾಗ ಬಲ ಹೆಚ್ಚುಕಡಿಮೆ ಸೊನ್ನೆ, ತೋಳು ಅಡ್ಡಲಾಗಿರುವಾಗ ಅತಿ ಹೆಚ್ಚು. ಈ ಗರಿಷ್ಠ ಬಲ ಸರಾಸರಿಯ ಒಂದೂವರೆ ಪಟ್ಟಿಗಿಂತ ಹೆಚ್ಚು, ಸುಮಾರು 310 ನ್ಯೂಟನ್. ಅಂದರೆ 60 ಕಿಲೋ ತೂಕದ ವ್ಯಕ್ತಿ ತನ್ನ ಅರ್ಧ ತೂಕಕ್ಕೂ ಮಿಕ್ಕಿ ಪ್ರತಿ ತುಳಿತದಲ್ಲೂ ಒಂದೇ ಕಾಲಿನಿಂದ ಒತ್ತಬೇಕು. ಮೊಣಕಾಲು ದೂರಿದ್ದರಲ್ಲಿ ಆಶ್ಚರ್ಯವೇನು?

ಈಗ ಮೂರು ಗೇರುಗಳನ್ನು ಹೋಲಿಸೋಣ. ಏರು ಅದೇ, 400 ಮೀಟರು. ಸಾಮರ್ಥ್ಯ ಅದೇ, 100 ವಾಟ್.

ಸುತ್ತಿನ ದೂರ 5.57 ಮೀ.: ಸರಾಸರಿ ಬಲ 198 ನ್ಯೂಟನ್, ನಿಮಿಷಕ್ಕೆ 28 ಸುತ್ತು, ಒಟ್ಟು 72 ಸುತ್ತು.
ಸುತ್ತಿನ ದೂರ 4.33 ಮೀ.: ಸರಾಸರಿ ಬಲ 154 ನ್ಯೂಟನ್, ನಿಮಿಷಕ್ಕೆ 37 ಸುತ್ತು, ಒಟ್ಟು 92 ಸುತ್ತು.
ಸುತ್ತಿನ ದೂರ 3.25 ಮೀ.: ಸರಾಸರಿ ಬಲ 115 ನ್ಯೂಟನ್, ನಿಮಿಷಕ್ಕೆ 49 ಸುತ್ತು, ಒಟ್ಟು 123 ಸುತ್ತು.

ಬಲವನ್ನು ಒಟ್ಟು ಸುತ್ತುಗಳಿಂದ ಗುಣಿಸಿ ನೋಡಿ. ಮೂರರಲ್ಲೂ ಗುಣಲಬ್ಧ ಹೆಚ್ಚುಕಡಿಮೆ ಒಂದೇ. ಮಾಡಿದ ಕೆಲಸ ಬದಲಾಗಿಲ್ಲ, ಅದನ್ನು ಹಂಚಿದ ಬಗೆ ಬದಲಾಗಿದೆ. ಸನ್ನೆಕೋಲು, ರಾಟೆ, ಇಳಿಜಾರು ಇವುಗಳ ಪಾಠದಲ್ಲಿ ಓದಿದ ತತ್ತ್ವವೇ ಇಲ್ಲಿಯೂ ಕೆಲಸ ಮಾಡುತ್ತಿದೆ.

ಮಡಚುವಿಕೆ ಹಾಕುವ ಕಟ್ಟುಪಾಡು

ಹಾಗಾದರೆ ಬೇಕಾದಷ್ಟು ಗೇರು ಹಾಕಿದರಾಯಿತಲ್ಲ ಎನಿಸಬಹುದು. ಮಡಚುವ ಸೈಕಲ್ಲಿನಲ್ಲಿ ಇದು ಅಷ್ಟು ಸುಲಭವಲ್ಲ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ಪ್ಯಾರಾಟ್ರೂಪರುಗಳಿಗಾಗಿ ತಯಾರಾದ ಮಡಚುವ ಸೈಕಲ್ಲಿಗೆ ದೊಡ್ಡ ಚಕ್ರಗಳೇ ಇದ್ದವು, ಹಾಗಾಗಿ ಗೇರಿನ ತೊಡಕು ಇರಲಿಲ್ಲ. ಆದರೆ ರೈಲಿನ ಸೀಟಿನಡಿ ಇಡುವಂತಾಗಬೇಕಾದರೆ ಚಕ್ರ ಕುಗ್ಗಲೇಬೇಕು. 1962ರಲ್ಲಿ ಇಂಗ್ಲೆಂಡಿನ ಅಲೆಕ್ಸ್ ಮೌಲ್ಟನ್ ಚಿಕ್ಕ ಚಕ್ರ, ಹೆಚ್ಚು ಒತ್ತಡದ ಟೈರು ಮತ್ತು ಸ್ಪ್ರಿಂಗ್ ವ್ಯವಸ್ಥೆ ಇದ್ದ ಸೈಕಲ್ಲನ್ನು ಮಾರುಕಟ್ಟೆಗೆ ತಂದು, ಚಿಕ್ಕ ಚಕ್ರದಲ್ಲೂ ಚುರುಕಾಗಿ ಓಡಬಹುದೆಂದು ತೋರಿಸಿದರು. 1970ರ ದಶಕದ ನಡುವಿನಲ್ಲಿ ಲಂಡನ್ನಿನ ಆಂಡ್ರ್ಯೂ ರಿಚಿ 16 ಇಂಚು ಚಕ್ರದ ಬ್ರಾಂಪ್ಟನ್ ಸೈಕಲ್ಲನ್ನು ರೂಪಿಸಲು ತೊಡಗಿದರು. ಅಮೆರಿಕದಲ್ಲಿ ಲೇಸರ್ ಸಂಶೋಧನೆ ಮಾಡುತ್ತಿದ್ದ ಭೌತವಿಜ್ಞಾನಿ ಡೇವಿಡ್ ಹಾನ್ 1982ರಲ್ಲಿ ಡಾಹೋನ್ ಕಂಪನಿಯನ್ನು ಸ್ಥಾಪಿಸಿದರು.

ಇಂಥ ಸೈಕಲ್ಲುಗಳಲ್ಲಿ ಗೇರಿಗೆ ಮೂರು ಮಿತಿಗಳಿವೆ.

ಮೊದಲನೆಯದು, ಮುಂದಿನ ಹಲ್ಲುಚಕ್ರದ ಗಾತ್ರ. ಸೈಕಲ್ಲು ಸರಪಳಿಯ ಎರಡು ಕೀಲುಗಳ ನಡುವಿನ ಅಂತರ 12.7 ಮಿಲಿಮೀಟರು, ಅಂದರೆ ಅರ್ಧ ಇಂಚು. ಆದ್ದರಿಂದ ಹಲ್ಲು ಹೆಚ್ಚಿದಷ್ಟೂ ವ್ಯಾಸ ಹೆಚ್ಚಲೇಬೇಕು. 54 ಹಲ್ಲಿನ ಚಕ್ರದ ವ್ಯಾಸ ಸುಮಾರು 22 ಸೆಂಟಿಮೀಟರು. ಮಡಚಿದಾಗ ಅದು ಚೌಕಟ್ಟಿಗೋ ನೆಲಕ್ಕೋ ತಾಗಬಾರದು.

ಎರಡನೆಯದು, ಹಿಂದಿನ ಹಲ್ಲುಚಕ್ರವನ್ನು ಬಹಳ ಚಿಕ್ಕದು ಮಾಡುವಂತಿಲ್ಲ. ಸರಪಳಿ ಹಲ್ಲುಚಕ್ರವನ್ನು ವೃತ್ತವಾಗಿ ಸುತ್ತುವುದಿಲ್ಲ, ಬಹುಭುಜವಾಗಿ ಸುತ್ತುತ್ತದೆ. ಹಲ್ಲು ಕಡಿಮೆಯಾದಷ್ಟೂ ಸರಪಳಿಯ ಚಲನೆಯಲ್ಲಿ ಏರಿಳಿತ ಹೆಚ್ಚು. 16 ಹಲ್ಲಿನಲ್ಲಿ ಈ ಏರಿಳಿತ ಶೇಕಡ 2ರಷ್ಟಿದ್ದರೆ 11 ಹಲ್ಲಿನಲ್ಲಿ ಶೇಕಡ 4. ಅದೂ ಅಲ್ಲದೆ ಕೊಂಡಿಗಳು ಹೆಚ್ಚು ಕೋನಕ್ಕೆ ಬಾಗುವುದರಿಂದ ಸವೆತವೂ ಬೇಗ.

ಮೂರನೆಯದು, ಸರಪಳಿಯನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಡಿರೇಲರ್. ಚಿಕ್ಕ ಚಕ್ರದ ಸೈಕಲ್ಲಿನಲ್ಲಿ ಇದು ನೆಲಕ್ಕೆ ಬಹಳ ಹತ್ತಿರ ತೂಗುತ್ತದೆ. ಕೆಸರು, ಕಲ್ಲು ಬೇಗ ತಾಗುತ್ತವೆ.

ಗುಂಬದೊಳಗಿನ ಗೇರು

ಈ ತೊಡಕಿಗೆ ಹಳೆಯದೊಂದು ಪರಿಹಾರವಿದೆ: ಹಿಂದಿನ ಚಕ್ರದ ಗುಂಬದೊಳಗೆ ಅಡಗಿರುವ ಗೇರು. 1902ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಆರಂಭವಾದ ಸ್ಟರ್ಮಿ-ಆರ್ಚರ್ ಕಂಪನಿಯ ಮೂರು ಗೇರಿನ ಗುಂಬ ಇದಕ್ಕೆ ಪ್ರಸಿದ್ಧ. ಇದರ ನಡುವೆ ಅಚ್ಚಿಗೆ ಭದ್ರವಾಗಿ ಕೂತ ‘ಸೂರ್ಯ’ ಗೇರು, ಅದರ ಸುತ್ತ ತಿರುಗುವ ‘ಗ್ರಹ’ ಗೇರುಗಳು, ಇವನ್ನು ಬಳಸಿ ಒಳಮುಖವಾಗಿ ಹಲ್ಲುಗಳಿರುವ ಉಂಗುರ. ಕಂಪನಿಯ ಹೆಸರಾಂತ ಒಂದು ಮಾದರಿಯಲ್ಲಿ ಸೂರ್ಯನಿಗೆ 20 ಹಲ್ಲು, ಉಂಗುರಕ್ಕೆ 60. ಸರಪಳಿ ಗ್ರಹಗಳ ಚೌಕಟ್ಟನ್ನು ತಿರುಗಿಸಿ, ಉಂಗುರ ಚಕ್ರವನ್ನು ಓಡಿಸಿದರೆ ಅನುಪಾತ 1 + 20/60, ಅಂದರೆ 1.33. ಇದು ಮೇಲಿನ ಗೇರು. ಸರಪಳಿ ಉಂಗುರವನ್ನು ತಿರುಗಿಸಿ ಗ್ರಹಗಳ ಚೌಕಟ್ಟು ಚಕ್ರವನ್ನು ಓಡಿಸಿದರೆ ಇದರ ವ್ಯುತ್ಕ್ರಮ, 0.75. ಇದು ಕೆಳಗಿನ ಗೇರು. ಎರಡೂ ಇಲ್ಲದೆ ನೇರ ಓಡಿದರೆ 1. ಎಲ್ಲವೂ ಎಣ್ಣೆ, ಗ್ರೀಸಿನ ನಡುವೆ ಮುಚ್ಚಿಕೊಂಡಿರುವುದರಿಂದ ಕೆಸರಿನ ಭಯವಿಲ್ಲ. ನಿಂತಲ್ಲೇ ಗೇರು ಬದಲಿಸಬಹುದು. ಬದಲಿಗೆ ತೂಕ ಸ್ವಲ್ಪ ಹೆಚ್ಚು, ನೇರ ಗೇರಿನಲ್ಲಲ್ಲದೆ ಉಳಿದೆರಡರಲ್ಲಿ ಘರ್ಷಣೆಯ ನಷ್ಟವೂ ಕೊಂಚ ಹೆಚ್ಚು.

ದೊಡ್ಡದೇ ಒಳ್ಳೆಯದೇ?

ಬ್ರಾಂಪ್ಟನ್ನಿನ ಆರು ಗೇರಿನ ಮಾದರಿಯಲ್ಲಿ ಗುಂಬದ ಅನುಪಾತಗಳು 0.64, 1 ಮತ್ತು 1.57. ಹಿಂದೆ 13 ಮತ್ತು 16 ಹಲ್ಲಿನ ಎರಡು ಚಕ್ರಗಳು. ಮೂರನ್ನು ಎರಡರಿಂದ ಗುಣಿಸಿ ಆರು. ಮುಂದೆ 50 ಹಲ್ಲಿದ್ದರೆ ಸುತ್ತಿನ ದೂರಗಳು ಹೀಗೆ: 2.66, 3.27, 4.16, 5.12, 6.53, 8.03 ಮೀಟರು. ಪ್ರತಿ ಹೆಜ್ಜೆಯೂ ಹಿಂದಿನದಕ್ಕಿಂತ ಶೇಕಡ 23ರಿಂದ 28ರಷ್ಟು ದೊಡ್ಡದು. ಹೆಜ್ಜೆಗಳು ಹೀಗೆ ಸಮವಾಗಿರುವುದು ಒಳ್ಳೆಯ ವಿನ್ಯಾಸದ ಲಕ್ಷಣ.

ಈಗ ನಮ್ಮ ಲೆಕ್ಕದೊಂದಿಗೆ ತಾಳೆ ನೋಡಿ. ಸಪಾಟಿಗೆ ಬೇಕಾದ 4.3ರಿಂದ 5 ಮೀಟರು ಮೂರನೆಯ ಮತ್ತು ನಾಲ್ಕನೆಯ ಗೇರಿನ ನಡುವೆ ಬೀಳುತ್ತದೆ. 100ಕ್ಕೆ 4ರ ಏರಿಗೆ, ನಿಮಿಷಕ್ಕೆ 60 ಸುತ್ತಿನಂತೆ, ಬೇಕಾದದ್ದು 2.64 ಮೀಟರು. ಮೊದಲ ಗೇರು ಸರಿಯಾಗಿ ಅಲ್ಲಿದೆ. ಆದರೆ ಆರನೆಯ ಗೇರು? 8.03 ಮೀಟರಿನಲ್ಲಿ ನಿಮಿಷಕ್ಕೆ 70 ಸುತ್ತು ತುಳಿದರೆ ವೇಗ ಗಂಟೆಗೆ ಸುಮಾರು 34 ಕಿಲೋಮೀಟರು. ಸಪಾಟಿನಲ್ಲಿ ಅದಕ್ಕೆ ಬೇಕಾದ ಸಾಮರ್ಥ್ಯ 350 ವಾಟ್! ಪಳಗಿದ ಪಟುವಿನ ಮಾತು ಬೇರೆ, ಚೀಲ ಹೊತ್ತು ಶಾಲೆಗೆ ಹೊರಟವರಿಗೆ ಅದು ಇಳಿಜಾರಿನಲ್ಲಿ ಮಾತ್ರ ಉಪಯೋಗಕ್ಕೆ ಬಂದೀತು.

ಇದೇ ಸೈಕಲ್ಲಿಗೆ ಮುಂದೆ 44 ಹಲ್ಲಿನ ಚಕ್ರವೂ ದೊರೆಯುತ್ತದೆ. ಆಗ ಎಲ್ಲ ಗೇರುಗಳೂ ಶೇಕಡ 12ರಷ್ಟು ಇಳಿದು, 2.34ರಿಂದ 7.07 ಮೀಟರಿನವರೆಗೆ ಹರಡುತ್ತವೆ. ಮೇಲೆ ಕಳೆದುಕೊಂಡದ್ದು ಬಳಸದ ಗೇರು, ಕೆಳಗೆ ಗಳಿಸಿದ್ದು ದಿನವೂ ಬೇಕಾದ ಗೇರು. 100ಕ್ಕೆ 6ರಂಥ ಏರಿರುವ ಮಲೆನಾಡಿನ ಊರಿನಲ್ಲಿ ಈ ವ್ಯತ್ಯಾಸವೇ ಸೈಕಲ್ಲು ಏರುವುದನ್ನೂ ಇಳಿದು ತಳ್ಳುವುದನ್ನೂ ನಿರ್ಧರಿಸಬಹುದು. ಬಯಲುಸೀಮೆಯ ಸಪಾಟು ಊರಿನಲ್ಲಾದರೆ ಆರು ಗೇರೇ ಬೇಕಿಲ್ಲ, ಮೂರು ಧಾರಾಳ ಸಾಕು.

ಚಿಕ್ಕ ಚಕ್ರಕ್ಕೆ ಅದರದೇ ದೋಷಗಳಿಲ್ಲವೆಂದಲ್ಲ. ಅದೇ ಟೈರು, ಅದೇ ಗಾಳಿಯ ಒತ್ತಡವಿದ್ದರೆ ಚಿಕ್ಕ ಚಕ್ರದ ಉರುಳು ಘರ್ಷಣೆ ಹೆಚ್ಚು. ಗುಂಡಿಗಳಲ್ಲಿ ಕುಲುಕಾಟವೂ ಹೆಚ್ಚು. ಟೈರಿಗೆ ಗಾಳಿ ಸರಿಯಾಗಿ ತುಂಬಿದ್ದರೆ ಮೊದಲನೆಯ ದೋಷ ಬಹಳಮಟ್ಟಿಗೆ ನೀಗುತ್ತದೆ.

ಮಾಡಿ ನೋಡಿ

ತರಗತಿಯಲ್ಲಿ ಇದನ್ನು ಮಾಡಿಸಲು ಒಂದು ಸೈಕಲ್ಲು, ಸೀಮೆಸುಣ್ಣ ಮತ್ತು ಅಳತೆಪಟ್ಟಿ ಸಾಕು.

1. ಟೈರಿನ ಮೇಲೂ ನೆಲದ ಮೇಲೂ ಸುಣ್ಣದ ಗುರುತು ಹಾಕಿ. ಒಬ್ಬರು ಸೈಕಲ್ಲಿನ ಮೇಲೆ ಕುಳಿತಿರಲಿ, ಇನ್ನಿಬ್ಬರು ಹಿಡಿದು ನಿಧಾನವಾಗಿ ತಳ್ಳಲಿ. ಗುರುತು ಮತ್ತೆ ನೆಲಕ್ಕೆ ಬಂದಲ್ಲಿಗೆ ಅಳೆಯಿರಿ. ಇದು ನಿಜವಾದ ಪರಿಧಿ. ಟೈರಿನ ಮೇಲೆ ಅಚ್ಚಾದ ಇಂಚನ್ನು ನಂಬಬೇಡಿ. 20 ಇಂಚು ಎಂದರೆ ಲೆಕ್ಕದಲ್ಲಿ 1.6 ಮೀಟರು ಬರುತ್ತದೆ, ಅಳೆದರೆ ಸುಮಾರು 1.5 ಮೀಟರು ಸಿಗುವುದುಂಟು.

2. ಹಲ್ಲುಗಳನ್ನು ಎಣಿಸಿ, ಸುತ್ತಿನ ದೂರವನ್ನು ಲೆಕ್ಕಹಾಕಿ. ಪೆಡಲನ್ನು ಒಂದು ಸುತ್ತು ತಿರುಗಿಸಿ ಅಳೆದು ಹೋಲಿಸಿ.

3. ದಿನದ ದಾರಿಯಲ್ಲಿ ಒಂದು ನಿಮಿಷಕ್ಕೆ ಎಷ್ಟು ಸುತ್ತು ತುಳಿಯುತ್ತೀರಿ ಎಂದು ಎಣಿಸಿ. ಸಪಾಟಿನಲ್ಲಿ 55ಕ್ಕಿಂತ ಕಡಿಮೆಯಾದರೆ ಗೇರು ಹೆಚ್ಚಾಯಿತು. 85 ದಾಟಿದರೆ ಕಡಿಮೆಯಾಯಿತು.

ಕೊಳ್ಳುವ ಮೊದಲು ಇದೇ ಲೆಕ್ಕವನ್ನು ಅಂಗಡಿಯಲ್ಲಿ ಮಾಡಬಹುದು. ದಾರಿಯ ಅತಿ ಕಡಿದಾದ ಏರು ಯಾವುದು ಎಂದು ಮೊದಲು ಕೇಳಿಕೊಳ್ಳಿ, ಕೆಳಗಿನ ಗೇರನ್ನು ಅದಕ್ಕೆ ಹೊಂದಿಸಿ. ಆಮೇಲೆ ಸಪಾಟಿನ ಗೇರು. ಮೇಲಿನ ಗೇರಿನ ಚಿಂತೆ ಕೊನೆಗೆ.

ನಮ್ಮ ಶಿಕ್ಷಕರೂ ತಮ್ಮ ಹತ್ತನೆಯ ತರಗತಿಯ ಮಕ್ಕಳೊಂದಿಗೆ ಹೀಗೇ ಅಳೆದು, ಎಣಿಸಿದರು. ಆಮೇಲೆ ರಿಪೇರಿ ಅಂಗಡಿಯಲ್ಲಿ 14 ಹಲ್ಲಿನ ಫ್ರೀವೀಲನ್ನು ಬಿಚ್ಚಿಸಿ 18 ಹಲ್ಲಿನದನ್ನು ಹಾಕಿಸಿದರು. ನಾಲ್ಕು ಹಲ್ಲು ಹೆಚ್ಚಿದ್ದಕ್ಕೆ ಸರಪಳಿಗೆ ಎರಡು ಕೊಂಡಿ ಸೇರಿಸಬೇಕಾಯಿತು. ಸುತ್ತಿನ ದೂರ 5.57ರಿಂದ 4.33 ಮೀಟರಿಗೆ ಇಳಿಯಿತು. ಸಪಾಟಿನಲ್ಲಿ ಈಗ ಅವರು ನಿಮಿಷಕ್ಕೆ 69 ಸುತ್ತಿನಂತೆ ತುಳಿದು ಅದೇ 18 ಕಿಲೋಮೀಟರು ವೇಗದಲ್ಲಿ ಹೋಗುತ್ತಾರೆ. ಏರಿನಲ್ಲಿ ಕಾಲಿನ ಹೊರೆ ಶೇಕಡ 22ರಷ್ಟು ಇಳಿದಿದೆ. ಏರಿನ ಕೊನೆಯ ನೂರು ಮೀಟರು ಇನ್ನೂ ತ್ರಾಸವೇ. ಅದಕ್ಕೆ ಮೂರು ಗೇರಿನ ಗುಂಬವೇ ಬೇಕು, ಹಣ ಕೂಡಿಸುತ್ತಿದ್ದೇನೆ ಎನ್ನುತ್ತಾರೆ. ಸೈಕಲ್ಲಂತೂ ಮಂಚದಡಿಯಿಂದ ಹೊರಬಂದಿದೆ.